ಎದ್ದು ಬರದ ಶಾದ್ಲಿಯಾ

ಶಾದ್ಲಿಯಾಳ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ರಾಜಧಾನಿಯ ಪಕ್ಕದ ನಮ್ಮ ಬಾರ್ದೋ ಮಾರ್ಕೆಟ್ಟಿನ ಮೀನಿನ ಅಂಗಡಿಯಲ್ಲಿ. ಕ್ರಾಂತಿಯಾದ ಮೇಲಿನ ಮೊದಲ ಚುನಾವಣೆ ಆಗಷ್ಟೇ ಮುಗಿದಿತ್ತು. ನಾನು ಸಾರ್ಡೀನು ಆರಿಸುತ್ತಿದ್ದೆ. ಅಂಗಡಿಯ ಹಸೂನಾ ತಕ್ಕಡಿ ಕೆಳಗಿಟ್ಟು ಶುರು ಮಾಡಿದ.

"ಮನ್ನೂಬಿಯಾ ಚಿಕ್ಕಮ್ಮ, ಬೆಳಿಗ್ಗೆ ಒಬ್ಬ ಸಂಸದೆ ಬಂದಿದ್ಲು. ಗುಡ್ಡದ ಕಡೆಯವಳು. ಮೀನಿನ ಕಿವಿರು ಎತ್ತಿ ನೋಡಿ, ಇದು ತೀರಿಕೊಂಡು ಎಷ್ಟು ದಿನ ಆಯ್ತಪ್ಪ ಅಂತ ಎಲ್ಲರ ಮುಂದೆ ಕೇಳೋದಾ?"

"ನೀನೇನಂದೆ?"

"ಗುಡ್ಡದಲ್ಲಿ ಮೀನೆಲ್ಲಿ ನೋಡಿದೀಯಮ್ಮ ಅಂದೆ. 'ಮೀನು ನೋಡಿಲ್ಲ, ಸುಳ್ಳು ಹೇಳೋರನ್ನ ನೋಡಿದೀನಿ' ಅಂದ್ಲು. ಅಂದವಳು ಆಮೇಲೆ ಅದೇ ಮೀನನ್ನೇ ತಗೊಂಡು ಹೋದ್ಲು ಅನ್ನು. ಕೋಣೆ ಹುಡುಕ್ತಿದಾಳಂತೆ. ನಿನ್ನ ಮಹಡಿ ಖಾಲಿ ಇದೆಯಲ್ಲ?"

ಖಾಲಿ ಇತ್ತು. ನನ್ನ ಯಜಮಾನರು ಮೆಟ್ರೋ ರೈಲು ಓಡಿಸುತ್ತಿದ್ದವರು, ತೀರಿಹೋಗಿ ಎರಡು ವರ್ಷವಾಗಿತ್ತು. ಮಗಳು ಸ್ಫಾಕ್ಸಿಗೆ ಮದುವೆಯಾಗಿ ಹೋಗಿದ್ದಳು. ನಮ್ಮ ಬೀದಿಯ ತುದಿಗೆ ನಿಂತರೆ ಸಂಸತ್ತಿನ ಗೋಡೆ ಕಾಣುತ್ತದೆ. ಸಂಜೆಗೆ ಅವಳು ಬಂದಳು. ಗಿಡ್ಡ ಹೆಂಗಸು, ಅಗಲವಾದ ಪಾದ, ಕೈಯಲ್ಲೊಂದು ಹಳೆಯ ಸೂಲಗಿತ್ತಿ ಚೀಲ. ಹಾಸಿಗೆ ಒತ್ತಿ ನೋಡಲಿಲ್ಲ, ಕಿಟಕಿ ತೆಗೆದು ನೋಡಲಿಲ್ಲ. "ನೀರು ಬೆಳಿಗ್ಗೆ ಎಷ್ಟು ಹೊತ್ತು ಬರುತ್ತೆ?" ಅಂತ ಒಂದೇ ಮಾತು ಕೇಳಿದಳು. ಇವಳು ಮನೆ ನಡೆಸಿದವಳು ಅಂತ ನನಗೆ ಆಗಲೇ ಗೊತ್ತಾಯಿತು.

ಐನ್ ಸಫ್ಸಾಫ್ ಅಂತ ಅವಳ ಊರು, ಅಲ್ಜೀರಿಯಾ ಗಡಿಯ ಹತ್ತಿರ, ಚಳಿಗಾಲದಲ್ಲಿ ಹಿಮ ಬೀಳುವ ಗುಡ್ಡದ ಮೇಲೆ. ಅಲ್ಲಿ ಮೂರು ಹಾಸಿಗೆಯ ಒಂದು ಸಣ್ಣ ಹೆರಿಗೆ ಮನೆ. ಶಾದ್ಲಿಯಾ ಅದರಲ್ಲೇ ಹರೆಯ ಕಳೆದವಳು. ಗಂಡ ಫ್ರಾನ್ಸಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅದರ ಬಗ್ಗೆ ಅವಳು ಅತ್ತದ್ದನ್ನು ನಾನು ಕಾಣೆ. "ಊರಿನ ಅರ್ಧ ಮಕ್ಕಳು ನನ್ನ ಕೈಗೇ ಬಿದ್ದಿವೆ, ಇನ್ನೇನು ಬೇಕು" ಅನ್ನುತ್ತಿದ್ದಳು. ಅವಳಲ್ಲಿ ಕುಂದು ಇರಲಿಲ್ಲ ಅಂತಲ್ಲ. ಗೊರಕೆ ಕೆಳಗಿನವರೆಗೆ ಕೇಳುತ್ತಿತ್ತು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ ಎಲೆಯನ್ನೇ ಬೈಯುತ್ತಿದ್ದಳು. ನನ್ನ ಸಕ್ಕರೆ ಡಬ್ಬಿಗೆ ಅವಳದೇ ಮನೆಯ ಹಾಗೆ ಕೈ ಹಾಕುತ್ತಿದ್ದಳು.

ಮೊದಲ ಮೂರು ವರ್ಷ ಅವಳ ಪಕ್ಷದ್ದೇ ಸರ್ಕಾರ. ಆಗ ಅವಳು ಒಂದು ಮಸೂದೆ ಬರೆಸಿದಳು. ಗುಡ್ಡಗಾಡಿನ ಹೆರಿಗೆ ಮನೆಗಳನ್ನು ಮುಚ್ಚಬಾರದು, ಸೂಲಗಿತ್ತಿಯರ ಸಂಬಳ ಸರ್ಕಾರದ್ದೇ, ಒಂದೊಂದು ಕಡೆಗೂ ಒಂದೊಂದು ಆಂಬುಲೆನ್ಸು ಅಂತ. ಅದು ಸಮಿತಿಯಿಂದ ಸಮಿತಿಗೆ ಅಲೆಯುತ್ತಿರುವಾಗಲೇ ಚುನಾವಣೆ ಬಂತು. ಅವಳು ಗೆದ್ದಳು, ಪಕ್ಷ ಸೋತಿತು. ಸರ್ಕಾರ ಬದಲಾಯಿತು. ಆ ದಿನ ಸಂಸತ್ತಿನಿಂದ ಬಂದು ಬೂಟು ಬಿಚ್ಚುತ್ತಾ, "ಜಾಗ ಬದಲಾಯ್ತು ಮನ್ನೂಬಿಯಾ. ಈಗ ಎಡಗಡೆ ಕೂರಿಸಿದಾರೆ. ಗಾಳಿ ಚೆನ್ನಾಗಿದೆ" ಅಂದಳು. ಅಷ್ಟೇ.

ಅವಳ ಜಿಲ್ಲೆಯಿಂದಲೇ ಗೆದ್ದ ಇನ್ನೊಬ್ಬಳಿದ್ದಳು, ಹೊಸ ಸರ್ಕಾರದ ಕಡೆಯವಳು, ರಫೀಕಾ. ವಕೀಲೆ, ಇನ್ನೂ ಚಿಕ್ಕವಳು. ಚುನಾವಣೆಯಲ್ಲಿ ಶಾದ್ಲಿಯಾಳ ಸೂಲಗಿತ್ತಿ ಕೆಲಸ ಹೀಯಾಳಿಸಿ "ಮುದಿ ದಾಯಿ" ಅಂತ ಮೈಕಿನಲ್ಲಿ ಕರೆದವಳು. ಟೀವಿಯಲ್ಲಿ ಬಿಟ್ಟರೆ ನಾನು ಅವಳನ್ನು ನೋಡಿದವಳಲ್ಲ. ಟೀವಿಯಲ್ಲೂ ಅವಳ ತಲೆಗೂದಲೇ ಹೆಚ್ಚು ಕಾಣುತ್ತಿತ್ತು.

ಮರುವರ್ಷದ ಬೇಸಿಗೆ. ಜುಲೈ ತಿಂಗಳು ಅಂದರೆ ನಮ್ಮಲ್ಲಿ ವರ್ಷದ ಊಟಕ್ಕಾಗುವಷ್ಟು ಕುಸ್‌ಕುಸ್ ಮಾಡಿಡುವ ಕಾಲ. ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ಕಾಳು ಕಟ್ಟಿಸಿ, ಜರಡಿ ಹಿಡಿದು, ತಾರಸಿಯ ಮೇಲೆ ಬಿಳಿ ಬಟ್ಟೆ ಹಾಸಿ ಒಣಗಿಸುವುದು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬೀದಿಯ ಹೆಂಗಸರು ಒಂದೊಂದು ದಿನ ಒಂದೊಂದು ಮನೆಗೆ ಸೇರುತ್ತಾರೆ. ಅವತ್ತು ಬಾಗಿಲಿಗೆ ಬಂದವಳು ಯಾರು, ಯಾರ ಜೊತೆ ಮಾತು ಬಿಟ್ಟವಳು ಅಂತ ಕೇಳುವ ಪದ್ಧತಿಯಿಲ್ಲ. ಬಂದವಳಿಗೆ ಜರಡಿ ಕೊಡುವುದು.

ನಾನು ಒಬ್ಬ ಕೂಲಿ ಹೆಂಗಸಿಗೆ ಹೇಳಿ ಕಳಿಸಿದ್ದೆ, ಕೈ ಚುರುಕು ಅಂತ ಕೇಳಿದ್ದೆನೇ ಹೊರತು ಮುಖ ನೋಡಿರಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ತಲೆಗೆ ವಸ್ತ್ರ ಕಟ್ಟಿ, ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬಳು ನಿಂತಿದ್ದಳು.

"ಶಾದ್ಲಿಯಾ ಅವರು..."

"ಮೇಲಿದಾಳೆ. ಇಷ್ಟು ತಡವಾಗಿ ಬರೋದಾ? ಬಿಸಿಲು ಏರ್ತಾ ಇದೆ. ಕೈ ತೊಳ್ಕೊಂಡು ಹತ್ತು. ಉಂಗುರ ತೆಗೆದಿಡು, ರವೆ ಸೇರಿಕೊಳ್ಳುತ್ತೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಜರಡಿ ಕೈಗೆ ಕೊಟ್ಟು ಬೆನ್ನು ತಳ್ಳಿದೆ.

ತಾರಸಿಯಲ್ಲಿ ಶಾದ್ಲಿಯಾ ಕಾಲು ಚಾಚಿ ಬೋಗುಣಿ ಹಿಡಿದು ಕೂತಿದ್ದಳು. ತಲೆ ಎತ್ತಿದವಳು ನಗು ತಡೆಯಲು ಕೆಮ್ಮಿದಳು. "ಮನ್ನೂಬಿಯಾ, ಯಾರನ್ನ ಕೂಲಿಗೆ ಕರೆದಿದೀಯ ಗೊತ್ತಾ? ಸರ್ಕಾರವನ್ನೇ."

ಕನ್ನಡಕ ತೆಗೆದ ಮೇಲೆ ನನಗೂ ತಿಳಿಯಿತು. ರಫೀಕಾಳ ಮುಖ ಟೊಮೆಟೋ ಆಗಿತ್ತು. "ಮಾತಾಡೋಕೆ ಬಂದೆ. ಇನ್ನೊಂದು ದಿನ ಬರ್ತೀನಿ" ಅಂತ ತಿರುಗಿದಳು.

"ಎಲ್ಲಿಗೆ?" ಅಂದೆ ನಾನು. "ನೀರು ಚಿಮುಕಿಸಿ ಆಗಿದೆ. ನೆನೆದ ರವೆ ಬಿಟ್ಟು ಎದ್ದು ಹೋದರೆ ಗಂಟು ಕಟ್ಟಿ ಹುಳಿಯಾಗುತ್ತೆ. ಕೂತ್ಕೊ. ಮಾತು ಬಾಯಲ್ಲಿ ಆಡೋದು, ಕೈಗೇನು ಕೆಲಸ?"

ಕೂತಳು. ಅವಳ ಕೈಗೆ ಅಭ್ಯಾಸ ತಪ್ಪಿತ್ತು, ಕಾಳು ಒಂದು ದಪ್ಪ ಒಂದು ಸಣ್ಣ. ಶಾದ್ಲಿಯಾ ಅವಳ ಮಣಿಕಟ್ಟು ಹಿಡಿದು ತಿರುಗಿಸಿ ತೋರಿಸಿದಳು. ಪಕ್ಕದಲ್ಲಿದ್ದ ಹೆಂಗಸರಿಗೆ, "ಇವಳನ್ನ ಭೂಮಿಗೆ ಎಳೆದದ್ದು ನಾನೇ ಕಣ್ರೇ. ಆಗಲೂ ಕಾಲು ಮುಂದೆ ಮಾಡ್ಕೊಂಡು ಉಲ್ಟಾ ಬಂದಿದ್ಲು" ಅಂದಳು. ತಾರಸಿಯೆಲ್ಲ ನಕ್ಕಿತು. ರಫೀಕಾಳೂ ನಕ್ಕಳು, ಬೇಡ ಬೇಡವೆಂದುಕೊಂಡೇ.

ಆಮೇಲೆ ವಿಷಯ ಬಂತು. ಹೊಸ ಸರ್ಕಾರ ಶಾದ್ಲಿಯಾಳ ಮಸೂದೆಯನ್ನೇ ಎತ್ತಿಕೊಂಡು, ಹೆಸರು ಬದಲಿಸಿ ತರುತ್ತಿತ್ತು. ಸಂಸತ್ತಿನ ರಜೆಗೆ ಮುಂಚೆ ಪಾಸಾಗದಿದ್ದರೆ ಬೇಸಿಗೆ ಮುಗಿದ ಕೂಡಲೇ ಐನ್ ಸಫ್ಸಾಫಿನ ಹೆರಿಗೆ ಮನೆಗೆ ಬೀಗ. ಆದರೆ ರಫೀಕಾಳ ಕಡೆಯವರಲ್ಲೇ ಒಳಜಗಳ, ಎಷ್ಟೋ ಜನ ಸಭೆಗೇ ಬರುವುದಿಲ್ಲ. ವಿರೋಧ ಪಕ್ಷ ಎದ್ದು ಹೊರಟರೆ ಕೋರಂ ಇಲ್ಲದೆ ಮಸೂದೆ ಬಿದ್ದುಹೋಗುತ್ತದೆ.

"ನೀವು ಕೂತಿರಬೇಕು ಅಕ್ಕ" ಅಂದಳು ರಫೀಕಾ.

"ಮೈಕಿನಲ್ಲಿ ದಾಯಿ, ತಾರಸಿಯಲ್ಲಿ ಅಕ್ಕ" ಅಂದಳು ಶಾದ್ಲಿಯಾ. ಕೈ ಮಾತ್ರ ನಿಲ್ಲಿಸಲಿಲ್ಲ. "ನಿಮ್ಮವರು ಆಂಬುಲೆನ್ಸಿನ ಕಲಮು ತೆಗೆದಿದಾರಲ್ಲ?"

"ದುಡ್ಡಿಲ್ಲ ಅಂತಾರೆ ಮಂತ್ರಿಗಳು."

"ಹಿಮ ಬಿದ್ದಾಗ ನಿಮ್ಮಮ್ಮನನ್ನ ಟ್ರ್ಯಾಕ್ಟರ್ ಮೇಲೆ ಹೊತ್ತುಕೊಂಡು ಬಂದ್ರು. ನಿನ್ನ ಹೆತ್ತದ್ದು ಹಾಗೆ. ಮಂತ್ರಿಗೆ ಅದನ್ನ ಹೇಳು. ಆಂಬುಲೆನ್ಸು ವಾಪಸ್ ಬಂದರೆ ನಾನು ಕೂರ್ತೀನಿ. ಬರದಿದ್ದರೆ ಎಲ್ಲರಿಗಿಂತ ಮುಂಚೆ ನಾನೇ ಏಳ್ತೀನಿ."

ರಫೀಕಾ ಬಿಸಿಲು ಇಳಿಯುವವರೆಗೂ ಜರಡಿ ಹಿಡಿದಳು. ಹೋಗುವಾಗ ಉಂಗುರ ಮರೆತು ಹೋದಳು, ಹಸೂನಾನ ಕೈಯಲ್ಲಿ ಕಳಿಸಿದೆ. ಆ ವಾರದಲ್ಲೇ ಆಂಬುಲೆನ್ಸಿನ ಕಲಮು ವಾಪಸ್ ಬಂತು.

ಅದಾದ ಮೇಲೆ ಬಂದವನು ತಿಜಾನಿ. ಶಾದ್ಲಿಯಾಳ ಪಕ್ಷದ ಸಂಸದರಿಗೆಲ್ಲ ಅವನೇ ಮುಖ್ಯಸ್ಥ. ಒಳ್ಳೆಯ ಮನುಷ್ಯನೇ, ನನ್ನ ಯಜಮಾನರ ಫೋಟೋ ಮುಂದೆ ನಿಂತು ಫಾತಿಹಾ ಪ್ರಾರ್ಥನೆ ಓದಿದ. ಚಹಾಕ್ಕೆ ಪುದೀನ ಹಾಕುತ್ತಾ ನಾನು ಅಡುಗೆ ಮನೆಯಲ್ಲಿದ್ದೆ. ಬಾಗಿಲು ತೆರೆದೇ ಇತ್ತು.

"ನಮ್ಮ ಒಲೆಯಲ್ಲಿ ಬೆಂದ ರೊಟ್ಟಿ, ಶಾದ್ಲಿಯಾ. ಅವರು ಅದಕ್ಕೆ ತಮ್ಮ ಮುದ್ರೆ ಒತ್ತಿ ಮಾರ್ತಿದಾರೆ."

"ಒತ್ತಲಿ ಬಿಡಿ. ತಿನ್ನೋರು ನಮ್ಮೂರವರೇ."

"ಗುರುವಾರ ನಾವೆಲ್ಲ ಎದ್ದು ಹೊರಡ್ತೀವಿ. ಸರ್ಕಾರ ಒಂದು ಮಸೂದೆ ಪಾಸು ಮಾಡೋಕೂ ಆಗದ್ದು ಅಂತ ದೇಶ ನೋಡಲಿ."

"ದೇಶ ನೋಡುತ್ತೆ. ಬಸುರಿ ಹೆಂಗಸು ಎಲ್ಲಿ ಹೋಗಬೇಕು?"

"ನಾವು ಬಂದ ಮೇಲೆ ನಾವೇ ಪಾಸು ಮಾಡೋಣ."

"ಐದು ವರ್ಷ ಬಸಿರು ತಡೆದುಕೊಳ್ಳಿ ಅಂತ ಊರಿಗೆ ಹೇಳಿ ಬರ್ಲಾ?"

ತಿಜಾನಿ ನಗಲಿಲ್ಲ. ಚಹಾ ಕುಡಿದ, ಲೋಟ ಕೆಳಗಿಟ್ಟ, ಮೆಲ್ಲಗೆ ಹೇಳಿದ. "ಮುಂದಿನ ಚುನಾವಣೆಗೆ ಅಭ್ಯರ್ಥಿಗಳ ಪಟ್ಟಿ ಮಾಡೋವಾಗ ಎಲ್ಲರೂ ಇದನ್ನ ನೆನಪಿಟ್ಟುಕೊಳ್ತಾರೆ. ನಾನು ತಡೆಯೋಕಾಗಲ್ಲ."

ಅವನು ಹೋದ ಮೇಲೆ ಶಾದ್ಲಿಯಾ ಇಸ್ಪೀಟು ಆಡಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಊಟದ ತಟ್ಟೆ ಅರ್ಧಕ್ಕೇ ಬಿಟ್ಟಳು. ಅವಳಿಗೆ ಸಂಸತ್ತಿನ ಆ ಕುರ್ಚಿ ಇಷ್ಟವಿತ್ತು, ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಬೂಟಿಗೆ ಪಾಲಿಶ್ ಹಚ್ಚುವಾಗ ಹಾಡು ಗುನುಗುತ್ತಿದ್ದವಳು. ಊರಿನಲ್ಲಿ ಅವಳಿಗೆ ಉಳಿದದ್ದು ಒಂದು ಪಿಂಚಣಿ, ಒಂದು ಅಂಜೂರದ ಮರ.

ಗುರುವಾರ ನಾನು ಟೀವಿ ಮುಂದೆ ಕೂತೆ. ಹಸೂನಾ ಮೀನು ಕೊಡಲು ಬಂದವನು ಬುಟ್ಟಿ ಹಿಡಿದೇ ನಿಂತುಬಿಟ್ಟ. ಸಭಾಧ್ಯಕ್ಷರು ಮಸೂದೆಯ ಹೆಸರು ಓದಿದರು. ಎಡಗಡೆ ತಿಜಾನಿ ಎದ್ದ, ಕಾಗದ ಮಡಿಸಿದ. ಅವನ ಹಿಂದೆ ಸಾಲು ಸಾಲಾಗಿ ಎದ್ದರು. ಕುರ್ಚಿಗಳು ದಡಬಡ ಅಂದವು. ಅಷ್ಟೂ ಖಾಲಿ ಕುರ್ಚಿಗಳ ನಡುವೆ ನನ್ನ ಶಾದ್ಲಿಯಾ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಡಾಕ್ಟರಿಗೆ ಕಾಯುವವಳ ಹಾಗೆ ಕೂತಿದ್ದಳು.

"ಒಬ್ಬಳೇ" ಅಂದ ಹಸೂನಾ.

ಯಾರೋ ಬಾಗಿಲಿನಿಂದ ಕೂಗಿದರು. ಏನೆಂದು ಕೇಳಿಸಲಿಲ್ಲ. ಅವಳು ತಿರುಗಿ ನೋಡಲಿಲ್ಲ. ಆಗ ಕೆರ್ಕೆನ್ನಾ ದ್ವೀಪದ ಒಬ್ಬ ಮುದುಕ, ಅವಳ ಪಕ್ಷದವನೇ, ಬಾಗಿಲವರೆಗೆ ಹೋದವನು ನಿಂತ. ತಲೆ ಕೆರೆದುಕೊಂಡ. ಮೆಲ್ಲಗೆ ವಾಪಸ್ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಅವನ ಹಿಂದೆ ಇನ್ನಿಬ್ಬರು ಬಂದರು. ಎಣಿಸುವವರು ಎಣಿಸಿದರು, ಮತ್ತೆ ಎಣಿಸಿದರು. ಕೋರಂ ಹೇಗೋ ನಿಂತಿತು. ಮಸೂದೆ ಪಾಸಾಯಿತು. ಹಸೂನಾ ಅವತ್ತು ಮೀನಿಗೆ ದುಡ್ಡು ಬೇಡವೆಂದ. ಮನಸ್ಸು ಬದಲಿಸಿಯಾನು ಅಂತ ನಾನು ಬೇಗ ಬಾಗಿಲು ಹಾಕಿಕೊಂಡೆ.

ಸಂಜೆ ಬಂದು, "ಏನಿದೆ ಊಟಕ್ಕೆ?" ಅಂದಳು ಶಾದ್ಲಿಯಾ. ಕೆಂಪು ಮೀನು ಹುರಿದಿದ್ದೆ. ಮುಳ್ಳು ಕೂಡ ಬಿಡದ ಹಾಗೆ ತಿಂದಳು.

"ನಿನ್ನ ಹೆಸರು ತೆಗೀತಾರಂತಲ್ಲೇ."

"ತೆಗೀಲಿ. ಬೀಗ ಬೀಳಲಿಲ್ಲವಲ್ಲ." ಆಮೇಲೆ ಇಸ್ಪೀಟು ಕಲೆಸಿ, ಮೊದಲ ಆಟದಲ್ಲೇ ಮೋಸ ಮಾಡಿದಳು.

ಇಷ್ಟಕ್ಕೇ ಅವಳು ಸರ್ಕಾರದ ಕಡೆಗೆ ವಾಲಿದಳು ಅಂದುಕೊಂಡವರೂ ಇದ್ದರು. ಮುಂದಿನ ವಾರವೇ ಅದೇ ಆರೋಗ್ಯ ಮಂತ್ರಿಯನ್ನು ಸಭೆಯಲ್ಲಿ ನಿಲ್ಲಿಸಿ, ಔಷಧಿ ಖರೀದಿಯ ವಿಷಯದಲ್ಲಿ ಬೆವರಿಳಿಸಿದಳು. ರಫೀಕಾ ಫೋನು ಮಾಡಿ ಅಳುವ ದನಿಯಲ್ಲಿ, "ಹೋದ ವಾರ ಜೊತೆಗಿದ್ರಿ" ಅಂದಳಂತೆ.

"ಹೋದ ವಾರ ನಿನ್ನ ಮಸೂದೆ ಸರಿ ಇತ್ತು. ಈ ವಾರ ನಿನ್ನ ಮಂತ್ರಿ ಸುಳ್ಳು ಹೇಳಿದಾನೆ. ನಾನು ವಿರೋಧ ಪಕ್ಷದವಳು ಕಣೆ, ನಿನ್ನ ಮದುವೆ ದಿಬ್ಬಣದವಳಲ್ಲ."

ಆ ನಾಲ್ಕು ವರ್ಷ ನನ್ನ ಮನೆ ತುಂಬಿತ್ತು. ಒಳ್ಳೆಯ ಕಾಲ ಅದು. ರಫೀಕಾ ಆಗಾಗ ಬರುತ್ತಿದ್ದಳು, ಇಬ್ಬರೂ ಜಗಳವಾಡುತ್ತಲೇ ಊಟ ಮಾಡುತ್ತಿದ್ದರು. ನನಗೆ ರಫೀಕಾ ಅಷ್ಟಾಗಿ ಹಿಡಿಸಲಿಲ್ಲ. ತಟ್ಟೆ ಎತ್ತುತ್ತಿರಲಿಲ್ಲ, ಮೆಣಸಿನಕಾಯಿಯ ಹರೀಸಾ ಚಟ್ನಿ ಖಾರ ಅಂತ ಮುಖ ಕಿವಿಚುತ್ತಿದ್ದಳು.

ತಿಜಾನಿ ಹೇಳಿದಂತೆಯೇ ಆಯಿತು. ಮುಂದಿನ ಚುನಾವಣೆಯ ಪಟ್ಟಿಯಲ್ಲಿ ಶಾದ್ಲಿಯಾಳ ಹೆಸರಿರಲಿಲ್ಲ. ಅವಳು ಸೂಲಗಿತ್ತಿ ಚೀಲ ತುಂಬಿಕೊಂಡು, ನನ್ನ ಕೆನ್ನೆಗೆ ಎರಡೂ ಕಡೆ ಮುತ್ತಿಟ್ಟು, ಬಾಡಿಗೆ ಟ್ಯಾಕ್ಸಿ ಹತ್ತಿದಳು. ಶರತ್ಕಾಲದಲ್ಲಿ ನಾನು ಐನ್ ಸಫ್ಸಾಫಿಗೆ ಹೋಗಿದ್ದೆ. ಹೆರಿಗೆ ಮನೆಗೆ ಸುಣ್ಣ ಬಳಿದಿದ್ದರು, ಆಂಬುಲೆನ್ಸು ಅಂಗಳದಲ್ಲಿ ನಿಂತಿತ್ತು. ಶಾದ್ಲಿಯಾ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಹೊಸ ಸೂಲಗಿತ್ತಿಗೆ ಬೈಯುತ್ತಿದ್ದಳು. ಆ ಹುಡುಗಿ ತಲೆ ಆಡಿಸುತ್ತಾ ತನ್ನ ಕೆಲಸ ತಾನು ಮಾಡುತ್ತಿದ್ದಳು. ಇಬ್ಬರೂ ಸುಖವಾಗಿ ಕಂಡರು.

ಆ ಚುನಾವಣೆಯಲ್ಲಿ ಸರ್ಕಾರ ಮತ್ತೆ ತಿರುಗಿತು. ರಫೀಕಾ ಗೆದ್ದಳು, ಅವಳ ಪಕ್ಷ ಸೋತಿತು. ಹೊಸವರು ಅಧಿಕಾರಕ್ಕೆ ಬಂದರು. ರಫೀಕಾ ಸಭೆಗೇ ಹೋಗುವುದಿಲ್ಲ, ಹೋದರೂ ಮೊದಲ ದಿನವೇ ಎದ್ದು ಬರುತ್ತೇನೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ ಅಂತ ಹಸೂನಾ ಸುದ್ದಿ ತಂದ. ಆ ಸಂಜೆ ಶಾದ್ಲಿಯಾ ಫೋನು ಮಾಡಿದಳು. ದನಿ ಸಣ್ಣಗಾಗಿತ್ತು, ಎದೆಯಲ್ಲಿ ಕಫ. ಮುಂದಿನ ವಸಂತಕ್ಕೆ ಅವಳು ಬದುಕಿರಲಿಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ, ನಾವು ಅಂಜೂರದ ಬಗ್ಗೆ, ಮೊಣಕಾಲಿನ ಬಗ್ಗೆ ಮಾತಾಡಿ ನಗುತ್ತಿದ್ದೆವು. ಆಮೇಲೆ ಅವಳು ಕೇಳಿದಳು.

"ಮನ್ನೂಬಿಯಾ, ನನ್ನ ಕೋಣೆ ಅವಳಿಗೆ ಕೊಡು."

"ಆ ತಟ್ಟೆ ಎತ್ತದವಳಿಗಾ?"

"ಅವಳಿಗೇ. ವಿರೋಧ ಪಕ್ಷದಲ್ಲಿ ಕೂರೋದು ಹೊಸದು ಅವಳಿಗೆ. ಬೆಳಿಗ್ಗೆ ಎಬ್ಬಿಸು, ಹೊಟ್ಟೆ ತುಂಬ ತಿನ್ನಿಸಿ ಸಭೆಗೆ ಕಳಿಸು. ಹಸಿದವರಿಗೆ ಎದ್ದು ಬರೋ ಮನಸ್ಸು ಬೇಗ ಆಗುತ್ತೆ."