ಬಾವಿಯ ತಿರುವಿನಲ್ಲಿ ಕೂತವಳು

ಶಿಗೆನೊ ಸುಲಭಕ್ಕೆ ಹೆದರುವ ಹೆಂಗಸಲ್ಲ. ಮೀನು ಹಿಡಿಯಲು ಹೋದ ಗಂಡ ಹೆಣವಾಗಿ ಸಿಕ್ಕಾಗ ಗುರುತು ಹೇಳಲು ಒಬ್ಬಳೇ ಬಂದರಿಗೆ ನಡೆದು ಹೋದವಳು. ಆಮೇಲೆ ನಮ್ಮೂರ ಕಡಲದಂಡೆಯ ಆಟದ ಪಾರ್ಕಿನಲ್ಲಿ ದೆವ್ವದ ಮನೆಯ ಕೆಲಸ ಹಿಡಿದಳು. ಜನರನ್ನು ಪುಟ್ಟ ಬಂಡಿಗಳಲ್ಲಿ ಕೂರಿಸಿ, ತೊಡೆಯ ಮೇಲೆ ಕಬ್ಬಿಣದ ಅಡ್ಡಪಟ್ಟಿ ಇಳಿಸಿ, ಹಿಡಿಕೆ ಎಳೆಯುವುದು. ಬಂಡಿ ಹಳಿಯ ಮೇಲೆ ಕತ್ತಲೆಯೊಳಕ್ಕೆ ಹೋಗಿ, ಸುತ್ತಿಕೊಂಡು, ಇನ್ನೊಂದು ಬಾಗಿಲಿನಿಂದ ಹೊರಗೆ ಬರುತ್ತದೆ. ಎದುರಿಗೇ ನನ್ನ ಐಸ್ ಅಂಗಡಿ. ಕಿರುಚಿ ಗಂಟಲು ಒಣಗಿದವರೇ ನನ್ನ ಗಿರಾಕಿಗಳು.

ಆ ವರ್ಷ, ಸತ್ತವರು ಮನೆಗೆ ಮರಳುತ್ತಾರೆ ಎನ್ನುವ ಬೇಸಿಗೆಯ ಹಬ್ಬ ಶುರುವಾಗಿತ್ತು. ಒಬ್ಬ ಹುಡುಗಿ ಐಸ್ ತಿನ್ನುತ್ತಾ ಹೇಳಿದಳು, "ಬಾವಿ ಹತ್ರ ಕೂತಿರೋ ಅಜ್ಜಿ ಎಷ್ಟ್ ಚೆನ್ನಾಗ್ ಮಾಡ್ತಾರೆ! ನನ್ನ ಕೈ ಸವರೇ ಬಿಟ್ರು."

ಶಿಗೆನೊಗೆ ಅದು ಕೇಳಿಸಿತು. "ಒಳಗೆ ಅಜ್ಜೀನೂ ಇಲ್ಲ, ಅಜ್ಜಾನೂ ಇಲ್ಲ ಕಣಮ್ಮ. ಅದು ತಂತೀಲಿ ಏಳೋ ಗೊಂಬೆ," ಎಂದು ನಕ್ಕಳು.

ಹುಡುಗಿ ನಗಲಿಲ್ಲ. "ಗೊಂಬೆ ಉಸಿರಾಡತ್ತಾ?"

ಮರುದಿನ ಶಿಗೆನೊ ಬಂಡಿ ಒರೆಸುವಾಗ ಅಡ್ಡಪಟ್ಟಿಯ ಸಂದಿನಲ್ಲಿ ಕೂದಲಿನ ಒಂದು ಸಣ್ಣ ಗೊಂಚಲು ಸಿಕ್ಕಿಕೊಂಡಿದ್ದು ಕಂಡಿತು. ಒಳಗಿನ ಗೊಂಬೆಗಳ ಕೂದಲೆಲ್ಲ ಕಪ್ಪು. ಇದು ಬಿಳಿಯದು. ಬುಡದಲ್ಲಿ ಒಣಗಿದ ರಕ್ತವಿತ್ತು.

ಅವಳು ಅದನ್ನು ಯಜಮಾನ ಕುರಮೊಚಿಗೆ ತೋರಿಸಿದಳು. ಅವನು ಹಗಲಿನಲ್ಲಿ ದೀಪಗಳನ್ನೆಲ್ಲ ಹೊತ್ತಿಸಿ ಒಳಗೆ ಮೂಲೆ ಮೂಲೆ ಹುಡುಕಿ ಬಂದ. ಏನೂ ಸಿಗಲಿಲ್ಲ. "ಹಬ್ಬ ಅಲ್ವಾ, ಸತ್ತೋರೆಲ್ಲ ಊರಿಗ್ ಬಂದಿದಾರೆ. ಯಾರೋ ಒಬ್ರು ಟಿಕೆಟ್ ಇಲ್ದೆ ನುಗ್ಗಿರ್ಬೇಕು," ಎಂದ. ತನ್ನ ತಮಾಷೆಗೆ ತಾನೇ ನಗಲು ಹೋಗಿ ನಿಲ್ಲಿಸಿದ.

"ದೀಪ ಹಾಕ್ಕೊಂಡು ಹೋದ್ರೆ ಸಿಗಲ್ಲ ಯಜಮಾನ್ರೇ. ಗಿರಾಕಿ ಥರ ಹೋಗ್ಬೇಕು," ಎಂದಳು ಶಿಗೆನೊ. "ರಾತ್ರಿ ಜನ ಕರಗಿದ್ಮೇಲೆ ನಾನೇ ಕೂರ್ತೀನಿ. ನಾನು ಕೂಗಿದ ತಕ್ಷಣ ನಿಲ್ಸಿ."

"ಒಳಗೆ ಹೋದೋರೆಲ್ಲ ಕೂಗ್ತಾರೆ. ನಿನ್ನ ಕೂಗು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

"ನಿಮ್ಮ ಹೆಸರು ಹಿಡಿದು ಕೂಗ್ತೀನಿ."

ರಾತ್ರಿ ಕಡಲ ಕಡೆಯ ಗಾಳಿ ಬಿದ್ದುಹೋಗಿತ್ತು. ಪಾರ್ಕಿನ ದೀಪಗಳು ಒಂದೊಂದಾಗಿ ಆರಿದವು. ನಾನು ಅಂಗಡಿ ಮುಚ್ಚದೆ ನಿಂತೇ ಇದ್ದೆ. ಶಿಗೆನೊ ಬಂಡಿಯಲ್ಲಿ ಕೂತು, ಅಡ್ಡಪಟ್ಟಿಯನ್ನು ತಾನೇ ಎಳೆದುಕೊಂಡಳು. ಕುರಮೊಚಿ ಹಿಡಿಕೆ ಎಳೆದ. ತಗಡಿನ ಬಾಗಿಲು ಅವಳನ್ನು ನುಂಗಿ ಮುಚ್ಚಿಕೊಂಡಿತು.

ಒಳಗೆ ನಡೆದದ್ದನ್ನು ಅವಳು ಆಮೇಲೆ ನನಗೆ ಹೇಳಿದಳು. ಅಷ್ಟು ವರ್ಷ ಬಾಗಿಲಲ್ಲೇ ನಿಂತಿದ್ದರೂ ಬಂಡಿಯಲ್ಲಿ ಕೂತು ಹೋದದ್ದು ಅದೇ ಮೊದಲಂತೆ. ಹರಿದ ಕಾಗದದ ಲಾಂದ್ರ ನಾಲಿಗೆ ಚಾಚಿತು. ಮೇಲಿನಿಂದ ಇಳಿಬಿಟ್ಟ ಕೂದಲು ಕೆನ್ನೆ ಸವರಿತು. ಯಾವುದು ಎಲ್ಲಿ ಬರುತ್ತದೆಂದು ಸದ್ದಿನಿಂದಲೇ ಗೊತ್ತಿದ್ದ ಅವಳಿಗೆ ಏನೂ ಅನ್ನಿಸಲಿಲ್ಲ. ಬಾವಿಯ ತಿರುವು ಬಂತು. ಅಲ್ಲಿ ತಂತಿ ಕಿರುಗುಟ್ಟಬೇಕಿತ್ತು. ಕಿರುಗುಟ್ಟಲಿಲ್ಲ.

ಮಂಕು ನೀಲಿ ಬೆಳಕಿನಲ್ಲಿ ಗೊಂಬೆಯನ್ನು ಬದಿಗೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿದ್ದು ಕಂಡಿತು. ಬಾವಿಕಟ್ಟೆಯ ಪಕ್ಕ, ಹಳಿಗೆ ಅಂಟಿಕೊಂಡಂತೆ, ಬಿಳಿ ನಿಲುವಂಗಿಯ ಯಾರೋ ಕೂತಿದ್ದರು. ಬಿಚ್ಚಿದ ಬಿಳಿ ಕೂದಲು, ಮುಖದ ತುಂಬ ಹಿಟ್ಟು. ಬಂಡಿ ಹತ್ತಿರವಾದಂತೆ ಆ ಆಕೃತಿ ಕೈ ಚಾಚಿ, ತಲೆಯನ್ನು ಹಳಿಯ ಮೇಲಕ್ಕೇ ಬಾಗಿಸಿತು.

ಶಿಗೆನೊ ಯಜಮಾನನ ಹೆಸರು ಕೂಗಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಬಂಡಿಯ ಕಬ್ಬಿಣದ ಮೂತಿ ಆ ತಲೆಗೆ ಇನ್ನೇನು ತಾಗಬೇಕು, ಅವಳು ಮುಂದಕ್ಕೆ ಬಾಗಿ ಅಂಗೈಯಿಂದ ಹಣೆಯನ್ನು ಹಿಂದಕ್ಕೆ ನೂಕಿದಳು. ಹಣೆ ಬೆಚ್ಚಗಿತ್ತು.

"ತಣ್ಣಗಿದ್ದಿದ್ರೆ ನಾನು ಇಷ್ಟು ನಡುಗ್ತಿರ್ಲಿಲ್ಲ ಕಣೆ," ಎಂದು ನನ್ನ ಹತ್ತಿರ ಹೇಳಿದ್ದಳು.

ಆಗ ಅವಳಿಗೆ ದನಿ ಬಂತು, ಯಜಮಾನನ ಹೆಸರು ಹಿಡಿದು ಕೂಗಿದಳು. ಕುರಮೊಚಿ ಬಂಡಿ ನಿಲ್ಲಿಸಿದ. ಅವಳು ಅಡ್ಡಪಟ್ಟಿಯ ಕೆಳಗಿನಿಂದ ಹೇಗೋ ನುಸುಳಿ ಇಳಿದಳು.

"ಗಿರಾಕಿಗಳು ಕೆಳಗೆ ಇಳೀಬಾರ್ದಮ್ಮ, ಹಳಿ ಇದೆ," ಎಂದಿತು ಆ ಮುಖ.

ದನಿಯಿಂದ ಗುರುತು ಸಿಕ್ಕಿತು. ಕಿಕುಯೊ ಅಜ್ಜಿ. ತಂತಿಯ ಗೊಂಬೆ ಬರುವ ಮೊದಲು ಬಾವಿಯ ದೆವ್ವ ಅವಳೇ. ಆಗಿನ ಬಂಡಿಗಳು ನಿಧಾನವಾಗಿ ಹೋಗುತ್ತಿದ್ದವು, ಅಷ್ಟು ಹತ್ತಿರ ಬಾಗಿದರೂ ಏನೂ ಆಗುತ್ತಿರಲಿಲ್ಲ. ಗೊಂಬೆ ಬಂದ ಮೇಲೆ ಅವಳನ್ನು ಮನೆಗೆ ಕಳಿಸಿದ್ದರು. ಪಾರ್ಕಿನ ಬೇಲಿಯ ಹಿಂದೆಯೇ ಅವಳ ಮನೆಯವರು ನಡೆಸುವ, ಊರವರು ಕಾಸು ಕೊಟ್ಟು ಮೀಯುವ ಸ್ನಾನಗೃಹ; ಅವರ ವಾಸವೂ ಅಲ್ಲೇ. ಸಂಜೆ ಗಿರಾಕಿಗಳ ಗದ್ದಲದಲ್ಲಿ ಸೊಸೆ ಚಿಜುರು, ಅತ್ತೆ ಮಲಗಿದ್ದಾಳೆಂದೇ ತಿಳಿದಿದ್ದಳು. ಅಜ್ಜಿಗೆ ವರ್ಷಗಳು ಕಲಸಿಹೋಗಿದ್ದವು. ದೆವ್ವದ ಮನೆಯ ಹಿಂಬಾಗಿಲ ದಾರಿ ಮಾತ್ರ ಮರೆತಿರಲಿಲ್ಲ.

"ಅಜ್ಜೀ, ನಾನು ಶಿಗೆನೊ. ಆಟ ಮುಗೀತು. ಏಳಿ, ಮನೆಗೆ ಹೋಗೋಣ."

"ನೀನು ಕಿರುಚ್ಲೇ ಇಲ್ಲ." ಅಜ್ಜಿಯ ಮುಖ ಸಪ್ಪಗಾಯಿತು. ಕಿವಿಯ ಮೇಲೆ ಕೂದಲು ಕಿತ್ತು ಬಂದ ಗಾಯ ಕಾಣುತ್ತಿತ್ತು. "ಯಾರದೋ ಹೆಸರು ಕೂಗ್ದೆ, ಅಷ್ಟೇ. ಕಿರುಚದೆ ನಾನು ಯಾರನ್ನೂ ಬಿಟ್ಟಿಲ್ಲ. ಏಳಲ್ಲ ನಾನು."

ಶಿಗೆನೊ ಅವಳಿಗಾಗಿ ಕಿರುಚಿದಳು.

ಹೊರಗೆ ನಿಂತಿದ್ದ ನಮಗೆ ಅದು ಕೇಳಿಸಿತು. ನಾಟಕಕ್ಕೆಂದು ಶುರುಮಾಡಿದ್ದು ಅವಳ ಹಿಡಿತಕ್ಕೆ ಸಿಗಲಿಲ್ಲ. ಅಷ್ಟುದ್ದದ ಕೂಗನ್ನು ನಾನು ಆ ಮನೆಯಿಂದ ಯಾವತ್ತೂ ಕೇಳಿರಲಿಲ್ಲ. ಕುರಮೊಚಿ ದೀಪ ಹಿಡಿದು ಒಳಗೆ ಓಡಿದ. ಸ್ವಲ್ಪ ಹೊತ್ತಿಗೆ ಅಜ್ಜಿ ಶಿಗೆನೊಳ ಕೈ ಹಿಡಿದುಕೊಂಡು, ತುಂಬ ಸಂತೋಷದ ಮುಖದಲ್ಲಿ ಹೊರಗೆ ಬಂದಳು.

ಚಿಜುರು ಒದ್ದೆ ಕೈಯಲ್ಲೇ ಓಡಿಬಂದು, ಎಲ್ಲರಿಗೂ ಮತ್ತೆ ಮತ್ತೆ ಬಾಗಿ ಕ್ಷಮೆ ಕೇಳಿದಳು. ಕುರಮೊಚಿ ಹಿಂಬಾಗಿಲಿಗೆ ಬೀಗ ಹಾಕಿಸಿದ. ಆದರೂ ಸಂಜೆಯಾದರೆ ಹೊರಗಿನಿಂದ ಆ ಹಿಂಬಾಗಿಲು ಬಡಿಯುವ ಸದ್ದು. ಮೆಲ್ಲಗೆ, ಬಿಡದೆ. ಬಂಡಿಯಿಂದ ಇಳಿದವರು ನನ್ನ ಅಂಗಡಿಯಲ್ಲಿ, "ಆ ಬಡಿಯೋ ಸದ್ದು ಬೇರೆ ಎಲ್ಲಕ್ಕಿಂತ ಭಯ," ಎನ್ನುತ್ತಿದ್ದರು. ಸದ್ದು ಕೇಳಿದೊಡನೆ ಶಿಗೆನೊ ಹಿಡಿಕೆಯನ್ನು ಯಜಮಾನನಿಗೆ ಕೊಟ್ಟು, ಹಿಂದಕ್ಕೆ ಹೋಗಿ, ಅಜ್ಜಿಯನ್ನು ನಡೆಸಿಕೊಂಡು ಸ್ನಾನಗೃಹಕ್ಕೆ ಬಿಟ್ಟು ಬರುತ್ತಿದ್ದಳು.

ಚಳಿಗಾಲದಲ್ಲಿ ಕಿಕುಯೊ ಅಜ್ಜಿ ನಿದ್ದೆಯಲ್ಲೇ ತೀರಿಕೊಂಡಳು. ಮುಂದಿನ ಬೇಸಿಗೆ ಬಂದಾಗ ಶಿಗೆನೊ ದೆವ್ವದ ಮನೆ ಬಿಟ್ಟು, ಪಾರ್ಕಿನ ಕೊಳದಲ್ಲಿ ಮಕ್ಕಳ ದೋಣಿ ನೋಡಿಕೊಳ್ಳುವ ಕೆಲಸ ಕೇಳಿ ಪಡೆದಳು. ಯಾಕೆ ಎಂದು ನಾನು ಕೇಳಿದೆ.

"ಸಂಜೆ ಆದ್ರೆ ಹಿಂಬಾಗಿಲ ಕಡೆಗೇ ಕಿವಿ ಹೋಗತ್ತೆ," ಎಂದಳು. "ಕೇಳಿಸಿದ್ರೆ ಏನ್ ಮಾಡ್ಲಿ ಹೇಳು."