ಹಾರ್ಲೆಮ್‌ಗೆ ಹತ್ತಿರದ ಊರು

ನಾನು ಮೈಸೂರಿನವನು, ಹೆಂಡತಿ ಮಂಗಳೂರಿನವಳು. ಹಾರ್ಲೆಮ್‌ನಲ್ಲಿ ಸಂಸಾರ ಹೂಡಿ ಕೆಲವು ವರ್ಷಗಳಾದ ಮೇಲೆ ಇಬ್ಬರೂ ಡಚ್ ಪರೀಕ್ಷೆ ಪಾಸು ಮಾಡಿ ನೆದರ್ಲೆಂಡ್ಸ್ ಪಾಸ್‌ಪೋರ್ಟ್ ತೆಗೆದುಕೊಂಡೆವು. ಪುರಸಭೆಯ ಸಮಾರಂಭ ಮುಗಿಸಿ ಹೊರಗೆ ಬರುವಾಗ, ಇನ್ನು ಯುರೋಪಿನಲ್ಲಿ ಎಲ್ಲಿ ಬೇಕಾದರೂ ಹೋಗಿ ಕೆಲಸ ಮಾಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ ಎಂದು ನಾನು ಜಂಬದಿಂದಲೇ ಹೇಳಿದ್ದೆ. ಅವಳು ಆಗ ಬಸುರಿ. ನಿಜವಾಗಿ ಎಲ್ಲಿಗೂ ಹೋಗುವ ಯೋಚನೆ ನಮಗಿರಲಿಲ್ಲ.

ಕೊರೋನಾ ಬಂದ ಮೊದಲ ವಸಂತದಲ್ಲಿ ಮಗು ದಿನ ತುಂಬುವ ಬಹಳ ಮುಂಚೆಯೇ ಹುಟ್ಟಿತು. ಗಂಡು. ಆಸ್ಪತ್ರೆಯಲ್ಲಿ ತಾಯಿಯ ಜೊತೆ ಒಬ್ಬರಿಗೆ ಮಾತ್ರ ಅವಕಾಶವಿತ್ತು. ಆ ಒಬ್ಬ ನಾನು. ಗಾಜಿನ ಪೆಟ್ಟಿಗೆಯೊಳಗೆ ಅವನು ಮರುದಿನ ಬೆಳಗಿನವರೆಗೆ ಉಸಿರಾಡಿದ. ಆಮೇಲೆ ಡಾಕ್ಟರು ನಳಿಗೆಗಳನ್ನೆಲ್ಲ ತೆಗೆದು, ಅವನನ್ನು ಅವಳ ಎದೆಯ ಮೇಲೆ ಮಲಗಿಸಿ, ಪರದೆ ಎಳೆದು ಹೊರಗೆ ಹೋದರು.

ನಮ್ಮಲ್ಲಿ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ವಿಮಾನಗಳು ನಿಂತಿದ್ದರಿಂದ ಊರಿನಿಂದ ಯಾರೂ ಬರುವಂತಿರಲಿಲ್ಲ. ಹಾರ್ಲೆಮ್‌ನ ಸ್ಮಶಾನದಲ್ಲಿ ಮಕ್ಕಳಿಗೆಂದೇ ಇರುವ ಮೂಲೆಯಲ್ಲಿ ಜಾಗ ಕೊಟ್ಟರು. ಅತ್ತೆ ಫೋನಿನ ವಿಡಿಯೋದಲ್ಲಿ ನೋಡುತ್ತ, ಹಾಲು ಹಾಕಿ, ಬರುವಾಗ ಹಿಂತಿರುಗಿ ನೋಡಬೇಡಿ ಎಂದು ಹೇಳಿಕೊಡುತ್ತಿದ್ದರು. ನಾನು ಹಾಲು ಹಾಕಿದೆ. ಅವಳು ಹಿಂತಿರುಗಿ ನೋಡಿದಳು. ಸುತ್ತಲಿನ ಪುಟ್ಟ ಗೋರಿಗಳ ಮೇಲೆ ಡಚ್ ತಂದೆತಾಯಿಗಳು ಬಣ್ಣದ ಗಿರಗಿಟ್ಲೆ ನೆಟ್ಟಿದ್ದರು. ಗಾಳಿ ಬೀಸಿದಾಗ ಅವೆಲ್ಲ ಒಟ್ಟಿಗೆ ತಿರುಗುತ್ತಿದ್ದವು.

ಅಂದಿನಿಂದ ಅವಳು ಪ್ರತಿ ಭಾನುವಾರ ಸೈಕಲ್ ಹತ್ತಿ ಅಲ್ಲಿಗೆ ಹೋಗುತ್ತಿದ್ದಳು. ಬಂದು ಉಗುರಿನ ಸಂದಿಯ ಮಣ್ಣು ತೊಳೆದುಕೊಂಡು ಅನ್ನಕ್ಕಿಡುತ್ತಿದ್ದಳು. ಅವನ ವಿಷಯ ನಾವು ಮಾತಾಡುತ್ತಿರಲಿಲ್ಲ.

ನನ್ನ ಕಂಪನಿ ವಿಮಾನದ ಟಿಕೆಟ್ ಬುಕಿಂಗ್‌ಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿತ್ತು. ವಿಮಾನಗಳೇ ಹಾರದಿದ್ದರೆ ಅದು ಎಷ್ಟು ದಿನ ನಡೆದೀತು? ಬೇಸಿಗೆಯಲ್ಲಿ ಆಮ್‌ಸ್ಟರ್‌ಡ್ಯಾಮ್ ಕಚೇರಿ ಮುಚ್ಚುವುದಾಗಿ ಹೇಳಿದರು. ಮ್ಯಾನೇಜರು ನಮ್ಮನ್ನು ಒಬ್ಬೊಬ್ಬರಾಗಿ ವಿಡಿಯೋ ಕರೆಯಲ್ಲಿ ಮಾತಾಡಿಸಿ, ಲಿಸ್ಬನ್, ವಾರ್ಸಾ, ಪಕ್ಕದ ಬೆಲ್ಜಿಯಂನ ಆಂಟ್‌ವರ್ಪ್ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಇಲ್ಲವಾದರೆ ಕೆಲಸ ಬಿಡಬೇಕಾಗುತ್ತದೆ ಎಂದರು. ಹೆಂಡತಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ ಹೋಟೆಲು ಅಷ್ಟರಲ್ಲಿ ಬಾಗಿಲು ಹಾಕಿತ್ತು.

ನನಗೆ ಲಿಸ್ಬನ್ ಬೇಕಾಗಿತ್ತು. ಸಮುದ್ರ, ಬಿಸಿಲು, ಮೀನು, ಮಂಗಳೂರಿನವಳಿಗೆ ಹಿಡಿಸುತ್ತದೆ ಎಂದು ಅವಳಿಗೆ ಅಲ್ಲಿನ ಮನೆಗಳ ಚಿತ್ರ ತೋರಿಸಿದೆ. ಆ ಆಸ್ಪತ್ರೆಯ ಮುಂದೆ ಓಡಾಡುವುದು ನನ್ನಿಂದ ಆಗುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅವಳು ಚಿತ್ರಗಳನ್ನು ನೋಡಿ ಫೋನ್ ವಾಪಸು ಕೊಟ್ಟಳು.

"ಇಲ್ಲೇ ಇದ್ರೆ ನಾವಿಬ್ರೂ ಹೀಗೇ ಇದ್ದುಬಿಡ್ತೀವಿ ಕಣೆ," ಎಂದೆ.

"ನಿಂಗೆ ಎಲ್ಲಿ ಬೇಕಾದ್ರೂ ಹೋಗ್ಲಿಕ್ಕೆ ಆಗ್ತದೆ. ನಂಗೆ ಆಗುದಿಲ್ಲ. ಅವನೊಬ್ಬನನ್ನೇ ಬಿಟ್ಟು ಎಲ್ಲಿಗೆ ಹೋಗುದು?"

ಮಣ್ಣು ಮಾಡಿ ಬಂದ ಮೇಲೆ ಅವನ ಬಗ್ಗೆ ಅವಳಾಡಿದ ಮೊದಲ ಮಾತು ಅದು.

ಹಾರ್ಲೆಮ್ ಸುತ್ತಮುತ್ತಲೇ ಬೇರೆ ಕೆಲಸ ಹುಡುಕಿದೆ. ಆ ದಿನಗಳಲ್ಲಿ ಯಾರೂ ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಗೆ ಅವಳೇ ಮೇಜಿನ ಹತ್ತಿರ ಬಂದು ನಿಂತು, ಆಂಟ್‌ವರ್ಪಿಗೆ ರೈಲು ಹೇಗೆ ಎಂದು ಕೇಳಿದಳು. ರಾಟರ್‌ಡ್ಯಾಮ್‌ವರೆಗೆ ಹೋಗಿ ಅಲ್ಲಿ ಬದಲಾಯಿಸಿದರೆ ಆಯಿತು, ದೂರವಿಲ್ಲ ಎಂದೆ.

"ಭಾನುವಾರ ಬಂದು ಭಾನುವಾರವೇ ವಾಪಸ್ ಹೋಗ್ಲಿಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ಹಾಗಾದರೆ ಅಲ್ಲಿಗೇ ಹೋಗುವ ಎಂದಳು. ಲಿಸ್ಬನ್ ಬಿಟ್ಟು ಇಲ್ಲಿನಂತೆಯೇ ಮಳೆ ಸುರಿಯುವ ಊರಿಗೆ ಯಾಕೆ ಹೋಗುತ್ತೀಯ ಎಂದು ಸಹೋದ್ಯೋಗಿಗಳು ನಕ್ಕರು. ನಾನೂ ನಕ್ಕೆ.

ಶರತ್ಕಾಲದಲ್ಲಿ ಮನೆ ಬದಲಾಯಿಸಿದೆವು. ಮೊದಮೊದಲು ಭಾನುವಾರಗಳು ಅಂದುಕೊಂಡಂತೆಯೇ ನಡೆದವು. ಚಳಿಗಾಲದಲ್ಲಿ ಸೋಂಕು ಮತ್ತೆ ಏರಿತು. ಅಗತ್ಯವಿಲ್ಲದೆ ಯಾರೂ ಗಡಿ ದಾಟಬಾರದು ಎಂದು ಬೆಲ್ಜಿಯಂನಲ್ಲಿ ಆದೇಶವಾಯಿತು. ಯಾವುದು ಅಗತ್ಯ ಎಂದು ವಿಚಾರಿಸಲು ಅವಳು ಸಹಾಯವಾಣಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು. ಆ ಕಡೆಯವನು ಮರ್ಯಾದೆಯಿಂದಲೇ ಮಾತಾಡಿದ. ಕೆಲಸ, ಚಿಕಿತ್ಸೆ, ಗಂಡಹೆಂಡಿರು ಬೇರೆ ಬೇರೆ ದೇಶದಲ್ಲಿದ್ದರೆ ಭೇಟಿ, ಇವಕ್ಕೆಲ್ಲ ಅವಕಾಶವಿದೆ ಎಂದ. ಇವಳು ಮಗನ ಗೋರಿಯ ವಿಷಯ ಹೇಳಿದಳು. ಅವನು ಸ್ವಲ್ಪ ಹೊತ್ತು ಏನೋ ಹುಡುಕಿ, ಅಂತ್ಯಕ್ರಿಯೆ ಇದ್ದರೆ ಖಂಡಿತ ಹೋಗಬಹುದು ಮೇಡಂ ಎಂದ.

"ಅದು ಮುಗಿದಿದೆ," ಎಂದಳು ಡಚ್ಚಿನಲ್ಲಿ.

ಅವನು ಕ್ಷಮೆ ಕೇಳಿದ. ಇವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು.

ಪ್ರಯಾಣದ ಫಾರಂನಲ್ಲಿ ಆಫೀಸ್ ಕೆಲಸ ಅಂತ ಬರೆದುಕೊಟ್ಟು ಹೋಗಿಬಾ, ರೈಲಿನಲ್ಲಿ ಯಾರೂ ಅಷ್ಟೊಂದು ಕೇಳುವುದಿಲ್ಲ ಎಂದೆ. ಅವಳು ಒಪ್ಪಲಿಲ್ಲ. "ಅವನನ್ನು ನೋಡ್ಲಿಕ್ಕೆ ಸುಳ್ಳು ಹೇಳಿ ಹೋಗುದಾ?" ಎಂದು ನನ್ನನ್ನೇ ಕೇಳಿದಳು.

ಆ ಚಳಿಗಾಲ ಭಾನುವಾರ ಬಂತೆಂದರೆ ಅವಳು ಕೋಟು ತೊಟ್ಟು ಹೊಳೆಯ ದಂಡೆಯವರೆಗೆ ಹೋಗಿ, ಅಲ್ಲಿ ನಿಂತು ಬರುತ್ತಿದ್ದಳು. ಊಟ ಕಡಿಮೆಯಾಯಿತು. ನಾನು ಹಗಲೆಲ್ಲ ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಿದ್ದೆ. ಹೊಸ ಕಚೇರಿಯ ಕಟ್ಟಡವನ್ನು ಒಳಗಿನಿಂದ ನೋಡಿಯೇ ಇರಲಿಲ್ಲ. ಒಂದು ಭಾನುವಾರ ಭಾರಿ ಹಿಮ ಬಿತ್ತು. ಹಾರ್ಲೆಮ್‌ನಲ್ಲೂ ಬಿದ್ದಿದೆಯಾ ಎಂದು ಕೇಳಿದಳು. ಫೋನಿನಲ್ಲಿ ನೋಡಿ, ಇಲ್ಲಿಗಿಂತ ಹೆಚ್ಚು ಬಿದ್ದಿದೆ ಎಂದೆ. ಆ ದಿನ ಸಂಜೆಯವರೆಗೂ ಅವಳು ಮನೆಯಲ್ಲಿ ಹೀಟರ್ ಹಾಕಲು ಬಿಡಲಿಲ್ಲ. ಇಬ್ಬರೂ ಕೋಟು ಹಾಕಿಕೊಂಡೇ ಕೂತಿದ್ದೆವು.

ವಸಂತದಲ್ಲಿ ನಿರ್ಬಂಧ ತೆಗೆದ ಮೇಲೆ ಬೆಳಗಿನ ರೈಲಿಗೇ ಹೊರಟೆವು. ಗೋರಿಯ ಮಣ್ಣು ಒಂದು ಕಡೆ ಕುಸಿದಿತ್ತು. ಕಲ್ಲಿನ ಮೇಲೆ ಪಾಚಿ ಕಟ್ಟಿ ಅವನ ಹೆಸರು ಅರ್ಧ ಮುಚ್ಚಿಹೋಗಿತ್ತು. ಅವಳು ಮಂಡಿಯೂರಿ ಕೂತು ಕೈಯಿಂದಲೇ ಎಲ್ಲ ಕೆರೆದು ತೆಗೆದಳು. ನಾನು ನಲ್ಲಿಯಿಂದ ನೀರು ತಂದು ತಂದು ಸುರಿದೆ. ಸಂಜೆ ಹಾರ್ಲೆಮ್ ನಿಲ್ದಾಣದಲ್ಲಿ ನಮ್ಮ ರೈಲು ಬಂದು ನಿಂತಾಗ ಅವಳು ಬೆಂಚಿನಿಂದ ಏಳಲಿಲ್ಲ. ಬಾಗಿಲು ಮುಚ್ಚಿ ರೈಲು ಹೊರಟುಹೋಯಿತು.

"ನಾನು ಬರುದಿಲ್ಲ," ಎಂದಳು. "ನಿನ್ನ ಮೇಲೆ ಸಿಟ್ಟಿಲ್ಲ ಮಾರಾಯ. ಆದ್ರೆ ಬರುದಿಲ್ಲ."

ಹಾರ್ಲೆಮ್‌ನಲ್ಲಿ ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದಾಕೆ ಅವಳಿಗೆ ತಮ್ಮ ಅಟ್ಟದ ಕೋಣೆ ಕೊಟ್ಟರು. ನಾನೊಬ್ಬನೇ ಆಂಟ್‌ವರ್ಪಿಗೆ ಮರಳಿದೆ. ಕೆಲವು ತಿಂಗಳ ನಂತರ ಹಾರ್ಲೆಮ್‌ನಿಂದ ರೈಲಿನಲ್ಲಿ ದಿನಾ ಹೋಗಿಬರಬಹುದಾದ ಡೆಲ್ಫ್ಟ್‌ನ ಒಂದು ಸಣ್ಣ ಕಂಪನಿಯಲ್ಲಿ, ಮೊದಲಿಗಿಂತ ಕೆಳಗಿನ ಹುದ್ದೆ ಸಿಕ್ಕಿತು. ರಾಜೀನಾಮೆ ಕೊಟ್ಟು ಹಾರ್ಲೆಮ್‌ಗೆ ಬಂದೆ. ಈಗಲೂ ಅದೇ ಆಸ್ಪತ್ರೆಯ ಮುಂದೆಯೇ ನಿಲ್ದಾಣಕ್ಕೆ ಹೋಗುತ್ತೇನೆ. ಅದು ಅಭ್ಯಾಸವಾಗಿಲ್ಲ. ಇನ್ನೊಂದು ಮಗುವೂ ಆಗಲಿಲ್ಲ.

ಜನ ಒಬ್ಬರ ಮನೆಗೊಬ್ಬರು ಹೋಗಿಬರಲು ಶುರು ಮಾಡಿದ ಮೇಲೆ, ನನ್ನ ಹೊಸ ಸಹೋದ್ಯೋಗಿ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟೆಲ್‌ವೀನ್‌ನ ತನ್ನ ಮನೆಗೆ ಊಟಕ್ಕೆ ಕರೆದ. ಬೆಂಗಳೂರಿನವನು. ಅವನ ಹೆಂಡತಿ ಸಾರು ಬಡಿಸುತ್ತ, ಇಬ್ಬರಿಗೂ ಡಚ್ ಪಾಸ್‌ಪೋರ್ಟ್ ಇದೆಯಲ್ಲ, ಜರ್ಮನಿ, ಐರ್ಲೆಂಡ್ ಎಲ್ಲಾದರೂ ಯಾಕೆ ಟ್ರೈ ಮಾಡಬಾರದು, ಅಲ್ಲಿ ಸ್ಯಾಲರಿ ಚೆನ್ನಾಗಿದೆ ಎಂದರು. ನಾನು ಎಂದಿನಂತೆ ನಕ್ಕುಬಿಡುವವನಿದ್ದೆ.

"ನಮ್ಮ ಮಗ ಇಲ್ಲಿದ್ದಾನಲ್ಲ," ಎಂದಳು ನನ್ನ ಹೆಂಡತಿ.

"ಹೌದಾ, ಗೊತ್ತೇ ಇರ್ಲಿಲ್ಲ ನೋಡಿ. ಕರ್ಕೊಂಡು ಬರೋದಲ್ವಾ? ಯಾವ ಸ್ಕೂಲು?"

"ಹುಟ್ಟಿದ ಮರುದಿನವೇ ಹೋದ. ಹಾರ್ಲೆಮ್‌ನಲ್ಲಿ ಮಣ್ಣು ಮಾಡಿದ್ದೇವೆ."

ಆಕೆ ಸಾರಿನ ಪಾತ್ರೆಯನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ನನ್ನ ಹೆಂಡತಿಯ ಪಕ್ಕ ಕೂತರು. ಹೆಸರು ಇಟ್ಟಿದ್ರಾ ಎಂದು ಮೆಲ್ಲಗೆ ಕೇಳಿದರು. ಅವಳು ಹೇಳಿದಳು. ಆ ಹೆಸರನ್ನು ಅವಳ ಬಾಯಿಂದ, ಬೇರೆಯವರ ಮುಂದೆ, ನಾನು ಕೇಳಿದ್ದು ಅದೇ ಮೊದಲು.