ಉಲ್ಟಾ ಗಿಟಾರ್ ಕಲಿತದ್ದು ಹೇಗೆ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಈಗ ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಮಿಕ್ಕ ಕಡೆಯೆಲ್ಲ ಅವನು ಉಲ್ಟಾ. ಬರೆಯುವುದು ಬಲಗೈಯಲ್ಲಿ, ಹಲ್ಲುಜ್ಜುವುದು ಬಲಗೈಯಲ್ಲಿ, ಬಾಗಿಲು ತಟ್ಟುವುದೂ ಬಲಗೈಯಲ್ಲೇ. ಗಿಟಾರ್ ಹಿಡಿಯುವಾಗ ಮಾತ್ರ ಎಡಚ. ಅದೂ ಸಾಮಾನ್ಯ ಎಡಚನಲ್ಲ. ಎಡಗೈಯವರು ತಂತಿಗಳನ್ನು ಬಿಚ್ಚಿ ತಮಗೆ ಬೇಕಾದಂತೆ ಕಟ್ಟಿಕೊಳ್ಳುತ್ತಾರೆ. ಇವನು ಎಲ್ಲರ ಗಿಟಾರನ್ನೇ ತಿರುಗಿಸಿ ಹಿಡಿಯುತ್ತಾನೆ, ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಬರುತ್ತದೆ. ಯಾಕಪ್ಪಾ ಹೀಗೆ ಎಂದು ಕೇಳಿದವರಿಗೆಲ್ಲ "ಹುಟ್ಟಿದ್ದೇ ಹೀಗೆ" ಎನ್ನುತ್ತಿದ್ದ. ಸುಳ್ಳಲ್ಲ, ಅವನು ನಂಬಿಕೊಂಡಿದ್ದೂ ಅದನ್ನೇ.

ನಂಬದೆ ಇನ್ನೇನು ಮಾಡಿಯಾನು? ಮನೆಯಲ್ಲಿ ಆ ಕಥೆಯನ್ನು ಬಂದವರಿಗೆಲ್ಲ ಚಹಾದ ಜೊತೆ ಕೊಡುತ್ತಿದ್ದರು. ಇವನಿಗೆ ಎಂಟು ವರ್ಷ, ಅಕ್ಕನಿಗೆ ಹದಿಮೂರು. ಸೋದರಮಾವ ಅಕ್ಕನಿಗೊಂದು ಗಿಟಾರ್ ತಂದುಕೊಟ್ಟಿದ್ದರು. ವಾರಕ್ಕೆರಡು ದಿನ ಅವಳು ಕ್ಲಾಸಿಗೆ ಹೋಗುತ್ತಿದ್ದಳು. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ತಮ್ಮನಿಗೆ ಹೇಳಿಟ್ಟಿದ್ದಳು. ಒಂದು ಬೆಳಿಗ್ಗೆ ಅವಳು ಜ್ವರ ಬಂದು ಮಲಗಿದ್ದಾಗ ತಮ್ಮ ಬೀರುವಿಗೆ ಒರಗಿಸಿದ್ದ ಗಿಟಾರನ್ನು ಎತ್ತಿಕೊಂಡ, ತಿರುಗಿಸಿ ತೊಡೆಯ ಮೇಲಿಟ್ಟುಕೊಂಡ, ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸಿಬಿಟ್ಟ. ಗಡ್ಡ ಹೆರೆಯುತ್ತಿದ್ದ ಅಪ್ಪ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಓಡಿಬಂದರು. ಮುಟ್ಟದವನು ಮುಟ್ಟಿದ ಮೊದಲ ಸಲವೇ ನುಡಿಸಿದ! ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದರು ನೆರೆಯವರು. ಆ ವರ್ಷವೇ ಶಾಲೆಯ ಹಾಲಿನಲ್ಲಿ ಅವನನ್ನು ಸೋಡಾ ಕ್ರೇಟಿನ ಮೇಲೆ ನಿಲ್ಲಿಸಿ ನುಡಿಸಲು ಹೇಳಿದರು, ಪತ್ರಿಕೆಯಲ್ಲಿ ಫೋಟೋ ಬಂತು.

ಹನ್ನೊಂದನೆಯ ವಯಸ್ಸಿಗೆ, ಆಗಲೇ ಮೀಸೆ ಬಂದಿದ್ದವರ ರಾಕ್ ಬ್ಯಾಂಡೊಂದು ಅವನನ್ನು ಸೇರಿಸಿಕೊಂಡಿತು. ಸ್ಪೀಕರ್ ಪೆಟ್ಟಿಗೆ ಅವನಿಗಿಂತ ಎತ್ತರವಿತ್ತು. ಹದಿನೇಳಕ್ಕೆ ರೆಕಾರ್ಡ್ ಬಂತು. ಅದರಲ್ಲಿದ್ದ ಅವನ ಹಾಡಿಗೆ ಬಾಲ್ಯದ ಆ ಮೊದಲ ಹಾಡಿನ ಮೂರು ಕಾರ್ಡುಗಳೇ, ಅಂದರೆ ಒಟ್ಟಿಗೆ ಒತ್ತಿ ನುಡಿಸುವ ಮೂರು ಸ್ವರಗುಚ್ಛಗಳೇ ಆಧಾರ, ಮತ್ತು ಮೂರನೆಯ ಕಾರ್ಡಿಗೆ ಹೋಗುವ ಮುನ್ನ ಕೂದಲೆಳೆಯಷ್ಟು ಒಂದು ನಿಲುಗಡೆ. ಸಂಗೀತ ಪತ್ರಿಕೆಯವರು ಅದನ್ನು 'ಉಲ್ಟಾನ ಉಸಿರು' ಎಂದು ಕರೆದರು. ಹುಡುಗರು ಕನ್ನಡಿ ಮುಂದೆ ನಿಂತು ಆ ಉಸಿರನ್ನು ಅಭ್ಯಾಸ ಮಾಡಿದರು. ಯಾರಿಗೂ ಸರಿಯಾಗಿ ಬರಲಿಲ್ಲ.

ಆಮೇಲೆ ಅವನು ಒಂದು ದೊಡ್ಡ ತಪ್ಪು ಮಾಡಿದ: ಬೆಳೆದ. ಎಂಟು ವರ್ಷದವನು ಗಿಟಾರ್ ನುಡಿಸಿದರೆ ಅಚ್ಚರಿ. ಇಪ್ಪತ್ತೈದರವನು ಅಷ್ಟೇ ಚೆನ್ನಾಗಿ ನುಡಿಸಿದರೆ ಅದಕ್ಕೆ ಕೆಲಸ ಎನ್ನುತ್ತಾರೆ. ವ್ಯಾನಿನ ಮುಂದಿನ ಸೀಟಿನಲ್ಲಿ ಯಾರು ಕೂರಬೇಕೆಂಬ ಜಗಳದಲ್ಲಿ ಬ್ಯಾಂಡ್ ಒಡೆಯಿತು. ಉಲ್ಟಾ ಸ್ಟುಡಿಯೋಗಳಿಗೆ ಹೋಗಿ ಬೇರೆಯವರ ಹಾಡಿನ ಹಿಂದೆ ನುಡಿಸಿದ, ಹಾಸಿಗೆ ಕಂಪನಿಯ ಜಾಹೀರಾತಿಗೆ ನುಡಿಸಿದ, ಶನಿವಾರ ಹೋಟೆಲಿನಲ್ಲಿ ಊಟ ಮಾಡುವವರ ಬೆನ್ನಿಗೆ ನುಡಿಸಿದ. ಬೇಸರವೇನೂ ಇರಲಿಲ್ಲ. ತಂತಿಯ ಮೇಲೆ ಬೆರಳಿಟ್ಟರೆ ಹಾಡು ಬರುತ್ತಿತ್ತು, ಅವನಿಗೆ ಅಷ್ಟು ಸಾಕಾಗಿತ್ತು.

ನಲವತ್ತೇಳನೆಯ ವರ್ಷ ಅದೂ ನಿಂತಿತು. ತಂತಿ ಒತ್ತುವ ಬಲಗೈಯ ಕಿರುಬೆರಳು ತನ್ನಷ್ಟಕ್ಕೆ ತಾನೇ ಒಳಕ್ಕೆ ಮಡಚಿಕೊಳ್ಳತೊಡಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಮೊದಲು ತಂತಿ ಬದಲಿಸಿದ, ಆಮೇಲೆ ಗಿಟಾರ್ ಬದಲಿಸಿದ, ಕೊನೆಗೆ ಸ್ಟುಡಿಯೋದ ಏಸಿಯನ್ನು ಬೈದ. ಬೆರಳು ಯಾವುದಕ್ಕೂ ಜಗ್ಗಲಿಲ್ಲ. ಪೆನ್ನು ಹಿಡಿದರೆ ಸರಿಯಾಗಿರುತ್ತಿತ್ತು, ಅಂಗಿಯ ಗುಂಡಿ ಹಾಕಿದರೆ ಸರಿಯಾಗಿರುತ್ತಿತ್ತು, ಗಿಟಾರ್ ಕಂಡರೆ ಮಾತ್ರ ಮುದುಡುತ್ತಿತ್ತು.

ನರರೋಗದ ಡಾಕ್ಟರು ಕೈಯನ್ನು ತಿರುವಿ ಮುರುವಿ ನೋಡಿದರು. "ಬೆರಳಿಗೆ ಏನೂ ಆಗಿಲ್ಲ. ಬೆರಳಿಗೆ ಅಪ್ಪಣೆ ಕೊಡೋ ಕಡೆ ಗೊಂದಲ ಆಗಿದೆ. ಹಳೇ ದಾರಿ ಬಿಟ್ಟು ಮೊದಲಿಂದ ಕಲೀಬೇಕು. ಮೊದಲ ಸಲ ಹೇಗೆ ಕಲಿತ್ರಿ ಹೇಳಿ, ಅಲ್ಲಿಂದ ಶುರು ಮಾಡೋಣ."

"ಕಲೀಲೇ ಇಲ್ಲ ಡಾಕ್ಟ್ರೇ. ತಾನಾಗೇ ಬಂತು."

ಡಾಕ್ಟರು ಕನ್ನಡಕ ತೆಗೆದರು. "ಕಲೀದೇ ಇದ್ದದ್ದನ್ನ ಮತ್ತೆ ಕಲಿಸೋದು ಹೇಗೆ ಅಂತ ನನಗೂ ಗೊತ್ತಿಲ್ಲ."

ಮೆಟ್ಟಿಲಿಳಿಯುವಾಗ ಉಲ್ಟಾನಿಗೆ ನಿಜವಾಗಿ ಹೆದರಿಕೆಯಾಯಿತು. ದುಡಿದು ಪಡೆದದ್ದು ಕಳೆದರೆ ಮತ್ತೆ ದುಡಿಯಬಹುದು. ಹುಟ್ಟುವಾಗಲೇ ಬಂದದ್ದು ಹೋದರೆ ಎಲ್ಲಿಗೆ ಹೋಗಿ ಕೇಳುವುದು? ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಮ್ಮ ಹೇಳುತ್ತಲೇ ಇದ್ದಳು. ಇಲ್ಲಿ ನೋಡಿದರೆ ಸುಡದೆಯೇ ಹೋಗಿತ್ತು. ಆದರೆ ಡಾಕ್ಟರರ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಲೇ ಇತ್ತು. ಮೊದಲ ಸಲ ಹೇಗೆ ಬಂತು? ಮೂವತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅವನಿಗೆ ಈ ಕುತೂಹಲ ಹುಟ್ಟಿರಲಿಲ್ಲ. ಈಗ ಅದು ಬಿಟ್ಟರೆ ಬೇರೆ ಯೋಚನೆಯೇ ಇಲ್ಲ.

ಹಳೆಯ ಡ್ರಮ್ಮರನ್ನು ಕೇಳಿದ. ಅವನು ಈಗ ಟೈರ್ ಅಂಗಡಿ ಇಟ್ಟಿದ್ದಾನೆ. "ನೀನು ನಮ್ಮ ಹತ್ರ ಬಂದಾಗ್ಲೇ ಬೆಂದ ಇಟ್ಟಿಗೆ ಕಣೋ. ಮಣ್ಣು ಕಲಸಿದ್ದು ಯಾರು ಅಂತ ನನಗೇನು ಗೊತ್ತು?" ಎಂದ.

ಅಲ್ಲಿಂದ ಅಮ್ಮನ ಬಳಿ ಹೋದ. ಅಮ್ಮ ಅಕ್ಕನ ಜೊತೆಯಲ್ಲೇ ಇದ್ದಾಳೆ. ಮೇಲೆ ಮನೆ, ಕೆಳಗೆ ಬಟ್ಟೆ ರಿಪೇರಿ ಅಂಗಡಿ. ಅಮ್ಮ ಹೊಲಿಯುತ್ತಿದ್ದ ಅದೇ ಮಿಷನ್ನಿನ ಮೇಲೆ ಅಕ್ಕ ಈಗ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಾಳೆ, ಜಿಪ್ ಬದಲಿಸುತ್ತಾಳೆ, ದಪ್ಪಗಾದವರ ಸೊಂಟ ಬಿಚ್ಚುತ್ತಾಳೆ. ಮಧ್ಯಾಹ್ನ ಅಮ್ಮ ಕೆಳಗೇ ಕುಳಿತು ಕಿತ್ತ ಗುಂಡಿಗಳನ್ನು ಬಣ್ಣವಾರು ಡಬ್ಬಿಗೆ ಹಾಕುತ್ತಿದ್ದಳು. ಮಗ ಕೇಳಿದ್ದೇ ತಡ, ಜ್ವರ, ಬೀರು, ನೊರೆ ಎಲ್ಲವನ್ನೂ ಹೇಳಿ ಮುಗಿಸಿದಳು.

"ಅದೆಲ್ಲ ಗೊತ್ತಮ್ಮಾ. ನಾನು ಗಿಟಾರ್ ಉಲ್ಟಾ ಯಾಕೆ ಹಿಡಿದೆ?"

"ಅದೇ ಕಣೋ ನಿನ್ನ ವಿಶೇಷ. ಯಾರು ಹೇಳಿಕೊಟ್ಟಿದ್ರು ನಿನಗೆ? ಒಬ್ಬರೂ ಇಲ್ಲ."

ಮಿಷನ್ನಿನ ಸದ್ದು ನಿಂತಿತು. ಅಕ್ಕ ಹಲ್ಲಿನಲ್ಲಿ ದಾರ ಕಡಿದಳು. ಅಮ್ಮ ಮಲಗಲು ಮೇಲೆ ಹೋದ ಮೇಲೆ ಎದ್ದು, ಮೂಲೆಯಲ್ಲಿ ಒರಗಿಸಿದ್ದ ಹಳೆಯ ಮರದ ಅಳತೆಕೋಲನ್ನು ತಂದು ತಮ್ಮನ ಮುಂದಿಟ್ಟಳು. ಒಂದು ಬದಿಯಲ್ಲಿ ಇಂಚುಗಳಿದ್ದವು. ಮಗುಚಿ ತೋರಿಸಿದಳು. ಹಿಂಬದಿಯಲ್ಲಿ ಬ್ಲೇಡಿನಿಂದ ಉದ್ದಕ್ಕೆ ಗೀಚಿದ ಆರು ಗೆರೆ. ಒಂದು ತುದಿಯ ಹತ್ತಿರ ಗೆರೆಗಳ ಮೇಲೆ ಮರ ಸವೆದು, ಬೆರಳಿನ ತುದಿ ಕೂರುವಷ್ಟು ಸಣ್ಣ ಸಣ್ಣ ತಗ್ಗುಗಳಾಗಿದ್ದವು.

"ಯಾರು ಗೀಚಿದ್ದು ಇದು?" ಎಂದ ಉಲ್ಟಾ.

"ನೀನೇ. ಅಮ್ಮ ನನಗೆ ಬೈದ್ಲು." ಅಕ್ಕ ಸ್ಟೂಲು ಎಳೆದುಕೊಂಡು ಕುಳಿತಳು. "ನಾನು ಮಂಚದ ಮೇಲೆ ಕೂತು ಪ್ರಾಕ್ಟೀಸ್ ಮಾಡ್ತಿದ್ದೆ. ಆ ರೂಮಲ್ಲಿ ಪಕ್ಕದಲ್ಲಿ ಜಾಗ ಎಲ್ಲಿತ್ತು? ನೀನು ಮಿಷನ್ ಸ್ಟೂಲಿನ ಮೇಲೆ ಎದುರಿಗೆ ಕೂರ್ತಿದ್ದೆ, ಈ ಕೋಲು ತೊಡೆ ಮೇಲಿಟ್ಕೊಂಡು. ನನ್ನ ಬೆರಳು ಎಲ್ಲಿ ಹೋದ್ರೆ ನಿನ್ನ ಬೆರಳು ಅಲ್ಲಿ. ದಿನಾ ಸಂಜೆ. ಒಂದು ವರ್ಷ ಪೂರ್ತಿ."

ಉಲ್ಟಾ ಕೋಲನ್ನು ತೊಡೆಯ ಮೇಲಿಟ್ಟುಕೊಂಡ. ಆಗಷ್ಟೇ ಕಲಿಯುತ್ತಿದ್ದ ಅಕ್ಕ ತನ್ನ ಬೆರಳು ತನಗೆ ಕಾಣಲೆಂದು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳಂತೆ. ಅವಳಿಗೆ ಹತ್ತಿರದ ದಪ್ಪ ತಂತಿ ಎದುರಿಗಿದ್ದವನಿಗೆ ದೂರ. ಅವಳ ಎಡಗೈ ಇದ್ದ ಕಡೆ ಇವನ ಬಲಗೈ. ಎಂಟು ವರ್ಷದ ಹುಡುಗ ಕಂಡದ್ದನ್ನು ಕಂಡಂತೆಯೇ ಕಲಿತಿದ್ದ. ಉಲ್ಟಾತನ ಅಷ್ಟೇ, ಅದರಲ್ಲಿ ದೇವರ ಕೈ ಇರಲಿಲ್ಲ, ಇಕ್ಕಟ್ಟಾದ ಕೋಣೆಯದೊಂದು ಕೈ ಇತ್ತು.

"ಹಾಗಾದ್ರೆ ಆ ನಿಲುಗಡೆ?" ಎಂದ. ಕೇಳುವಾಗಲೇ ಉತ್ತರದ ಸುಳಿವು ಹತ್ತಿತ್ತು.

ಅಕ್ಕ ಎಡಗೈ ಮುಂದೆ ಚಾಚಿದಳು. ಅವಳ ಕಿರುಬೆರಳು ಗಿಡ್ಡ. "ಮೂರನೇದಕ್ಕೆ ನಂಗೆ ಎಟುಕ್ತಿರಲಿಲ್ಲ ಕಣೋ. ಎಳೆದು ಇಡೋಷ್ಟರಲ್ಲಿ ಸ್ವಲ್ಪ ತಡ ಆಗೋದು. ನೀನು ಅದನ್ನೂ ಸೇರಿಸಿ ಕಲಿತೆ. ರೆಕಾರ್ಡ್ ಕೇಳಿದ ದಿನ ನನಗೆ ನಗೂನೂ ಬಂತು, ಅಳೂನೂ ಬಂತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಅಪ್ಪನ್ನ ಅಷ್ಟು ಖುಷಿಯಾಗಿ ನಾನು ಯಾವತ್ತೂ ನೋಡಿರಲಿಲ್ಲ. ಹತ್ತು ದಿನಕ್ಕೆ ಜ್ವರ ನನ್ನ ಬಿಡ್ತು. ಗಿಟಾರೂ ಬಿಡ್ತು, ನಿನ್ನ ಪಾಲಾಯ್ತು." ಅವಳು ಜಿಪ್ಪೊಂದನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. "ಎರಡು ವರ್ಷ ನಿನ್ನ ಹತ್ರ ಸರಿಯಾಗಿ ಮಾತಾಡಿರಲಿಲ್ಲ. ನಿನಗೆ ಅದೂ ಗೊತ್ತಾಗ್ಲಿಲ್ಲ."

ನಿಜ, ಗೊತ್ತಾಗಿರಲಿಲ್ಲ. ಉಲ್ಟಾನಿಗೆ ನಾಚಿಕೆಯಾಯಿತು, ಮುಖ ಎಲ್ಲಿಡಬೇಕೆಂದು ತಿಳಿಯದೆ ಕೋಲಿನ ಇಂಚುಗಳನ್ನು ನೋಡಿದ. ಹಾಗೆ ನೋಡುತ್ತಿದ್ದಂತೆಯೇ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಇದು ತಾನಾಗಿ ಬಂದದ್ದಲ್ಲ. ಮರ ಸವೆಯುವಷ್ಟು ಉಜ್ಜಿ ಕಲಿತದ್ದು. ಒಮ್ಮೆ ಕಲಿತದ್ದಾದರೆ ಇನ್ನೊಮ್ಮೆ ಕಲಿಯಬಹುದು.

ಮರುದಿನ ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಎರಡು ಗಿಟಾರ್ ಹೊತ್ತು ಬಂದು ನಿಂತ. ಅಕ್ಕ ಬೇಡ ಬೇಡ ಎಂದಳು, ಮೂರು ಕಾರ್ಡ್ ಬಿಟ್ಟರೆ ನನಗೇನೂ ನೆನಪಿಲ್ಲ ಎಂದಳು. ಆ ಮೂರೇ ಸಾಕು ಎಂದ. ಅಭ್ಯಾಸಬಲದಿಂದ ಸ್ಟೂಲನ್ನು ಅವಳ ಎದುರಿಗೆ ಹಾಕಿಕೊಂಡ.

"ಎದುರಿಗೆ ಬೇಡ, ಸಾಕಾಗಿದೆ. ಪಕ್ಕದಲ್ಲಿ ಕೂತ್ಕೋ," ಎಂದಳು ಅಕ್ಕ. "ಗಿಟಾರ್ ಸೀದಾ ಹಿಡಿ."

ಈಗ ಒತ್ತಬೇಕಾದದ್ದು ಎಡಗೈ. ಅದು ಆರೋಗ್ಯವಾಗಿತ್ತು, ಆದರೆ ಶುದ್ಧ ದಡ್ಡ. ಬೆರಳ ತುದಿಗಳು ಕೆಂಪಾದವು, ಬೊಬ್ಬೆ ಬಂದವು. ರಾಕ್ ಬ್ಯಾಂಡಿನಲ್ಲಿ ಮೆರೆದವನು ಮೊದಲ ವಾರ ತಗಡು ಕೆರೆದಂತೆ ಸದ್ದು ಮಾಡಿದ. ಪ್ಯಾಂಟು ಕೊಡಲು ಬಂದವರು ಪಾಪ ಅನ್ನುವ ಮುಖ ಮಾಡಿದರು. "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ನೀನು ಹಾಡೋದು ನೋಡು," ಎಂದು ಅಕ್ಕ ಗದರಿದಳು. ವಿಚಿತ್ರವೆಂದರೆ ಅವನಿಗೆ ಬೇಜಾರಾಗಲಿಲ್ಲ. ನಿನ್ನೆ ಬಾರದ್ದು ಇಂದು ಹೇಗೆ ಬಂತು ಎಂದು ತನ್ನ ಬೆರಳನ್ನು ತಾನೇ ಪಕ್ಕದ ಮನೆಯವರ ಮಗುವನ್ನು ನೋಡುವಂತೆ ನೋಡುತ್ತಿದ್ದ.

ಐದನೆಯ ವಾರ ಮೂರು ಕಾರ್ಡನ್ನೂ ಮೊದಲಿಂದ ಕೊನೆಯವರೆಗೆ ಮೆಲ್ಲಗೆ ದಾಟಿದ. ಅವನ ಕಿರುಬೆರಳು ಉದ್ದ. ಮೂರನೆಯದಕ್ಕೆ ಆರಾಮಾಗಿ ಎಟುಕಿತು, ನಿಲ್ಲಲೇ ಇಲ್ಲ.

"ನೋಡಿದ್ಯಾ, ಕ್ಲಾಸಲ್ಲಿ ಮೇಷ್ಟ್ರು ನನಗೆ ಹೇಳಿದ್ದು ಹೀಗೇ ನುಡಿಸು ಅಂತ," ಎಂದಳು ಅಕ್ಕ. "ಇನ್ಮೇಲೆ ನನ್ನ ತಪ್ಪು ನನಗೇ ಇರಲಿ."

ಹಾಗೆಂದು ಇನ್ನೊಂದು ಗಿಟಾರ್ ತೊಡೆಗೆ ಎಳೆದುಕೊಂಡು ತಾನೇ ನುಡಿಸಿದಳು. ಒಂದು, ಎರಡು, ಗಿಡ್ಡ ಬೆರಳು ಎಳೆದುಕೊಳ್ಳುವಷ್ಟು ನಿಲುಗಡೆ, ಮೂರು. ಉಲ್ಟಾ ಉಸಿರು ಬಿಗಿಹಿಡಿದು ಕೇಳಿದ.

ಮೇಲಿನ ಮನೆಯಿಂದ ಅಮ್ಮ ಕೂಗಿದಳು. "ಮಗಾ, ಕೈ ಸರಿಹೋಯ್ತೇನೋ? ಆ ನಿಲ್ಲೋದು ಕೇಳಿದ ಕೂಡ್ಲೇ ಗೊತ್ತಾಯ್ತು ನೀನೇ ಅಂತ. ಹುಟ್ಟುಗುಣ ಎಲ್ಲಿ ಹೋಗುತ್ತೆ?"

ಅಕ್ಕ ತಂತಿಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದಳು, ತಲೆಯೆತ್ತಲಿಲ್ಲ. ಉಲ್ಟಾ ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ನಿಂತ.

"ಅದು ನಾನಲ್ಲಮ್ಮಾ, ಅಕ್ಕ," ಎಂದ. "ಯಾವತ್ತೂ ಅಕ್ಕನೇ. ನಾನಿನ್ನೂ ಅವಳ ಹತ್ರ ಕಲೀತಾ ಇದ್ದೀನಿ."